ಹಸಿರು ಖರೀದಿ: ಸಸಿಗಳ ಲೆಕ್ಕವಲ್ಲ

ಪರಿಸರ ದಿನಕ್ಕೆ ಐನೂರು ಸಸಿ ತರಿಸಿದ ಕಚೇರಿಯೊಂದು ಬಾಗಿಲಲ್ಲಿ ‘ಹಸಿರು ಖರೀದಿ ಅಭಿಯಾನ’ ಎಂದು ಬ್ಯಾನರ್ ಕಟ್ಟಿತ್ತು. ಬ್ಯಾನರ್ ಪ್ಲಾಸ್ಟಿಕ್ಕಿನದು, ಅಂಥದ್ದನ್ನು 2016ರಲ್ಲೇ ಕರ್ನಾಟಕ ನಿಷೇಧಿಸಿದೆ. ಸಸಿ ನೆಡಲಿ, ಬೇಡವೆಂದವರು ಯಾರು? ಆದರೆ ಅದು ಸಸಿ ಖರೀದಿ; ಕೊಳ್ಳುವ ವಸ್ತುಗಳಲ್ಲೇ ಪರಿಸರಕ್ಕೆ ಕಡಿಮೆ ಹಾನಿಯದನ್ನು ಆರಿಸುವ ಹಸಿರು ಖರೀದಿಯಲ್ಲ.

ತಪ್ಪಿನ ಬೇರು ‘ಹಸಿರು’ ಪದದಲ್ಲಿದೆ. ಹಳಗನ್ನಡದ ‘ಪಸುರ್’ನ ಪಕಾರ ಹಕಾರವಾಗಿ ಹಸಿರು ಬಂತು. ಹಸಿ, ಪಚ್ಚೆ ಇವೂ ಅದೇ ಬಳ್ಳಿಯವು. ಹಸಿಮೆಣಸಿನಕಾಯಿ ಎನ್ನುವಾಗ ನಾವು ಬಣ್ಣ ಹೇಳುತ್ತಿಲ್ಲ, ಒಣಗಿಲ್ಲ ಎನ್ನುತ್ತಿದ್ದೇವೆ. ಹಸಿ ಗೋಡೆ, ಹಸಿ ಬಾಣಂತಿ, ಹಸಿ ಸುಳ್ಳು: ಎಲ್ಲಿದೆ ಬಣ್ಣ? ಇಷ್ಟು ದೂರ ಹರಿದಾಡಿದ ಮಾತನ್ನು ಎಲೆಯ ಬಣ್ಣಕ್ಕೆ ಕಟ್ಟಿಹಾಕಿದರೆ ಸಸಿಯೊಂದೇ ಕಾಣುತ್ತದೆ. ‘ಖರೀದಿ’ ಪಾರಸಿಯಿಂದ ಬಂದದ್ದು, ಅದರಲ್ಲಿ ಗೊಂದಲವಿಲ್ಲ. ಗೊಂದಲ ಮಾಡಿದ್ದು ‘ಸಂಗ್ರಹಣೆ’. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಎಂದು ರಾಜ್ಯದ ಸರ್ಕಾರಿ ಖರೀದಿಯ 1999ರ ಕಾನೂನಿಗೆ ಹೆಸರಿಟ್ಟರು. ಹಾಗಾಗಿ ‘ಹಸಿರು ಸಂಗ್ರಹಣೆ’ ಎಂದರೆ ಹಸಿ ಕಸದ ಗಾಡಿ ನೆನಪಾಗುವುದು ಓದುಗನ ತಪ್ಪಲ್ಲ.

ಸರ್ಕಾರ ಹೇಗೂ ಕೊಳ್ಳುವ ಕಾಗದ, ಬಲ್ಬು, ಸುಣ್ಣಬಣ್ಣ, ವಾಹನಗಳಲ್ಲೇ ತಯಾರಿಕೆಯಿಂದ ಗುಜರಿಯವರೆಗೆ ಕಡಿಮೆ ಹಾನಿಯದನ್ನು ಆರಿಸುವುದು ಹಸಿರು ಖರೀದಿ. ಫ್ಯಾನನ್ನೇ ನೋಡಿ. ಹಳೆಯ ಬಗೆಯದು ಸುಮಾರು 75 ವಾಟ್ ನುಂಗುತ್ತದೆ, ಬಿಎಲ್‌ಡಿಸಿ ಎಂಬ ಕಡಿಮೆ ವಿದ್ಯುತ್ತಿನ ಮೋಟಾರಿನದು ಸುಮಾರು 30. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದೇ ಫ್ಯಾನಿನಲ್ಲಿ 135 ಯೂನಿಟ್ ಉಳಿಯುತ್ತದೆ. ಟೆಂಡರಿನಲ್ಲಿ ಬರೀ ಬೆಲೆ ನೋಡಿದರೆ ಗೆಲ್ಲುವುದು ಹಳೆಯದೇ. ಏಕೆಂದರೆ ವಿದ್ಯುತ್ ಬಿಲ್ಲು ಬೇರೆ ಕಡತದಲ್ಲಿರುತ್ತದೆ. ಆದ್ದರಿಂದ ಎಷ್ಟು ವಾಟ್, ವಿದ್ಯುತ್ ಉಳಿತಾಯದ ನಕ್ಷತ್ರ ಎಷ್ಟು ಎಂಬುದನ್ನು ಟೆಂಡರ್ ಕರೆಯುವ ಮೊದಲೇ ಷರತ್ತಿನಲ್ಲಿ ಬರೆಯಬೇಕು. ದರದ ಲಕೋಟೆ ಒಡೆದ ಮೇಲೆ ಪರಿಸರಪ್ರೇಮ ಉಕ್ಕಿ ಹೊಸ ಷರತ್ತು ಸೇರಿಸಿದರೆ, ಟೆಂಡರ್ ಕೈತಪ್ಪಿದವರು ಕೋರ್ಟಿಗೆ ಹೋಗುತ್ತಾರೆ. ಪರಿಸರಸ್ನೇಹಿ ವಸ್ತುವನ್ನು ಗುರುತಿಸಲು ಮುದ್ರೆಯಿಲ್ಲವೆಂಬ ನೆಪವೂ ನಡೆಯದು: ಮಣ್ಣಿನ ಮಡಕೆಯ ಚಿಹ್ನೆಯ ಇಕೋಮಾರ್ಕ್ ಯೋಜನೆಯನ್ನು ಕೇಂದ್ರ ಸರ್ಕಾರ 1991ರಲ್ಲೇ ತಂದಿತ್ತು. ಆ ಮಡಕೆಯನ್ನು ಅಂಗಡಿಯಲ್ಲಿ ಎಷ್ಟು ಜನ ಕಂಡಿದ್ದಾರೋ, ಅದು ಬೇರೆ ಮಾತು.

ಇನ್ನೊಂದು ತಕರಾರು. ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳನ್ನು ‘ಖರೀದಿಸಿದರು’ ಎಂದು ಬರೆಯುತ್ತಾರೆ. ಬಸ್ಸು ಗುತ್ತಿಗೆ ಕಂಪನಿಯದು, ಚಾಲಕರೂ ಅದರವರೇ. ಸಂಸ್ಥೆ ಕೊಡುವುದು ಓಡಿದ ಕಿಲೋಮೀಟರಿಗೆ ಇಷ್ಟು ಎಂಬ ಹಣ, ಜೊತೆಗೆ ಟಿಕೆಟ್ ಹರಿಯಲು ತನ್ನ ನಿರ್ವಾಹಕ. ಇಲ್ಲಿ ಕೊಂಡದ್ದು ಬಸ್ಸನ್ನಲ್ಲ, ಓಟವನ್ನು. ಅದೂ ಹಸಿರು ಖರೀದಿಯೇ.