ವಸಡಿನ ರೋಗ: ಸೂಕ್ಷ್ಮಾಣುವಿನ ತಪ್ಪೆಷ್ಟು, ಮೈಯ ಪಾಲೆಷ್ಟು?

"ಕ್ಲೀನಿಂಗ್ ಗೀನಿಂಗ್ ಮಾಡಿಸ್ಬೇಡಿ, ಇರೋ ಹಲ್ಲೂ ಅಲ್ಲಾಡೋಕೆ ಶುರುವಾಗುತ್ತೆ." ಹಲ್ಲಿನ ಡಾಕ್ಟರ ಹತ್ತಿರ ಹೊರಟವರಿಗೆ ಯಾರಾದರೊಬ್ಬರು ಈ ಬುದ್ಧಿವಾದ ಹೇಳಿಯೇ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ, ಕಾರಣ ಮಾತ್ರ ತಲೆಕೆಳಗು. ವರ್ಷಗಟ್ಟಲೆ ಕಟ್ಟಿ ಗಟ್ಟಿಯಾದ ಪಾಚಿ, ಅಂದರೆ ಟಾರ್ಟರ್, ವಸಡಿನ ಒಳಕ್ಕೂ ಇಳಿದಿರುತ್ತದೆ. ಅದರ ಆಸರೆಯಲ್ಲಿ ಬೆಳೆಯುವ ಸೋಂಕಿನಿಂದ ಹಲ್ಲು ಹಿಡಿದಿರುವ ಮೂಳೆ ನೋವಿಲ್ಲದೆ, ಸದ್ದಿಲ್ಲದೆ ಕರಗುತ್ತದೆ. ಆದರೆ ಅದೇ ಟಾರ್ಟರ್ ಪಕ್ಕಪಕ್ಕದ ಹಲ್ಲುಗಳನ್ನು ಬೆಸೆದು ಕೂತಿರುವುದರಿಂದ ಸಡಿಲವಾದದ್ದು ಗೊತ್ತೇ ಆಗುವುದಿಲ್ಲ. ಕೆರೆದು ತೆಗೆದ ಮೇಲೆ ಊದಿದ ವಸಡು ಇಳಿಯುತ್ತದೆ, ಸಂದು ಕಾಣುತ್ತದೆ, ನಾಲಿಗೆ ಹೋಗಿ ಹೋಗಿ ಅಲ್ಲೇ ತಡಕುತ್ತದೆ. ಬೈಗುಳ ಡಾಕ್ಟರಿಗೆ.

ಈ ಕೆರೆಯುವ ಚಿಕಿತ್ಸೆಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಹಟ ಹಿಡಿದವರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಜಾನ್ ರಿಗ್ಸ್ ಮುಖ್ಯರು. 1844ರಲ್ಲಿ ನಗೆ ಅನಿಲ ಕೊಟ್ಟು ದಂತವೈದ್ಯ ಹೊರೇಸ್ ವೆಲ್ಸ್‌ರ ಹಲ್ಲನ್ನು ನೋವಿಲ್ಲದೆ ಕಿತ್ತವರೂ ಇವರೇ. ವಸಡನ್ನೇ ಕತ್ತರಿಸಿ ತೆಗೆಯುವುದು ರೂಢಿಯಲ್ಲಿದ್ದಾಗ, ರೋಗದ ಬೇರು ಹಲ್ಲಿನ ಮೇಲಿನ ಕಟ್ಟಿನಲ್ಲಿದೆ, ಅದನ್ನು ತೆಗೆದರೆ ವಸಡು ತಾನೇ ಮಾಗುತ್ತದೆ ಎಂದು ರಿಗ್ಸ್ ವಾದಿಸಿದರು. ನಮ್ಮ ಹಿರಿಯರು 'ಪಯೋರಿಯಾ' ಎನ್ನುತ್ತಿದ್ದ ಕಾಯಿಲೆಗೆ ಅಮೆರಿಕದಲ್ಲಿ ಬಹುಕಾಲ 'ರಿಗ್ಸ್ ರೋಗ' ಎಂದೇ ಹೆಸರಿತ್ತು.

ಕೆರೆದು ತೆಗೆದ ಆ ಕೊಳೆಯಲ್ಲಿ ಜೀವವಿದೆ ಎಂಬುದು ಅಷ್ಟರಲ್ಲಿ ಹಳೆಯ ಸುದ್ದಿ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲೇ ತಮ್ಮ ಹಲ್ಲಿನ ಸಂದಿಯ ಬಿಳಿ ಹಿಟ್ಟನ್ನು ಮಸೂರದಡಿ ಇಟ್ಟು, ಓಡಾಡುವ ಪುಟ್ಟ ಪ್ರಾಣಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದರು. ಅದು ರೋಗದ ಮಾತಾಗಲು ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿ ಸೂಕ್ಷ್ಮಾಣು ವಿಜ್ಞಾನಿ ರಾಬರ್ಟ್ ಕೋಖ್‌ರ ವಿಧಾನಗಳನ್ನು ಕಲಿತ ಅಮೆರಿಕದ ದಂತವೈದ್ಯ ವಿಲ್ಲೊಬಿ ಮಿಲ್ಲರ್ 1890ರಲ್ಲಿ ಬಾಯಿಯ ಸೂಕ್ಷ್ಮಾಣುಗಳ ಮೇಲೆ ಪುಸ್ತಕವನ್ನೇ ತಂದರು. ಮರುವರ್ಷ, ಬಾಯಿಯ ಸೋಂಕು ಮೈಯ ಬೇರೆ ಕಡೆಗೂ ಹಬ್ಬಬಹುದು ಎಂದು ಬರೆದರು. ಅದಕ್ಕಾಗಿ ಹಲ್ಲು ಕೀಳಿ ಎನ್ನುವುದು ಅವರ ಉದ್ದೇಶವಾಗಿರಲಿಲ್ಲ, ಆದರೆ ಮುಂದೆ ಆದದ್ದು ಅದೇ.

1910ರ ಅಕ್ಟೋಬರಿನಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿದರು. ಕೊಳೆತ ಬುಡದ ಮೇಲೆ ಬಂಗಾರದ ಕ್ಯಾಪು, ಬ್ರಿಜ್ಜು ಕೂರಿಸುವ ಅಂದಿನ ದಂತವೈದ್ಯವನ್ನು, ಕೀವಿನ ರಾಶಿಯ ಮೇಲೆ ಕಟ್ಟಿದ ಚಿನ್ನದ ಗೋರಿ ಎಂದು ಹೀಯಾಳಿಸಿದರು. ರಕ್ತಹೀನತೆ, ಹೊಟ್ಟೆನೋವು, ಮನಸ್ಸಿನ ಕಾಯಿಲೆ ಎಲ್ಲಕ್ಕೂ ಬಾಯಿಯ ಸೋಂಕಿನತ್ತ ಬೆರಳು ತೋರಿದರು. ಕೆಟ್ಟ ಕೆಲಸದ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಕೇಳಿದವರು ಹಿಡಿದುಕೊಂಡದ್ದು ಇನ್ನೊಂದನ್ನು: ಅನುಮಾನವಿರುವ ಹಲ್ಲೆಲ್ಲ ಕಿತ್ತರೆ ರೋಗಿ ಗುಣವಾಗುತ್ತಾನೆ! ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್‌ರಂಥ ದೊಡ್ಡ ವೈದ್ಯರು ಇದಕ್ಕೆ ಮುದ್ರೆ ಒತ್ತಿದರು. ಕೀಲುನೋವಿಗೆ ಹಲ್ಲು ಕಿತ್ತರು, ಕಾರಣ ತಿಳಿಯದ ಜ್ವರಕ್ಕೂ ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೆ ಸೋಂಕೇ ಕಾರಣವೆಂದು ನಂಬಿ ಒಳರೋಗಿಗಳ ಹಲ್ಲು ಕೀಳಿಸಿದರು. ಅದರಿಂದ ಗುಣವಾಗದಿದ್ದರೆ ಟಾನ್ಸಿಲ್, ಅದಾದ ಮೇಲೆ ದೊಡ್ಡ ಕರುಳು. ಆ ಶಸ್ತ್ರಕ್ರಿಯೆಯಲ್ಲಿ ಎಷ್ಟೋ ಜನ ಸತ್ತರು.

ಕೀಳಿಸಿಕೊಂಡವರನ್ನು ಕೀಳಿಸಿಕೊಳ್ಳದವರ ಜೊತೆ ಇಟ್ಟು ನೋಡುವ ಗೋಜಿಗೇ ಹೋಗದೆ ಇಷ್ಟೆಲ್ಲ ನಡೆಯಿತು. 1938ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜಿವೈನ್ 200 ಮಂದಿ ಸಂಧಿವಾತ ರೋಗಿಗಳನ್ನು ಪರಿಶೀಲಿಸಿ, ಹಲ್ಲು, ಟಾನ್ಸಿಲ್ ತೆಗೆಸಿಕೊಂಡ ಬಹುತೇಕರಿಗೆ ಏನೂ ಗುಣ ಕಂಡಿಲ್ಲ ಎಂದರು. ಮೊದಲು ಈ ಸಿದ್ಧಾಂತವನ್ನು ಎತ್ತಿ ಹಿಡಿದಿದ್ದವರಲ್ಲಿ ಸೆಸಿಲ್ ಕೂಡ ಒಬ್ಬರು, ಹಾಗಾಗಿ ಮಾತಿಗೆ ತೂಕ ಬಂತು.

ನಿಜಕ್ಕೂ ಕಣ್ಣು ತೆರೆಸಿದ ಪ್ರಯೋಗ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ನಡೆದದ್ದು, ತೀರ ಸರಳವಾದದ್ದು. ನಾರ್ವೆಯ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾಗಿದ್ದ 12 ಜನರಿಗೆ, ಅದರಲ್ಲೂ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನೇ ನಿಲ್ಲಿಸಿ ಎಂದರು. ಆಗಾಗ ಹಲ್ಲಿನ ಬುಡದ ಹಿಟ್ಟು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರು. ಮೊದಲು ಕಂಡದ್ದು ದುಂಡು ಸೂಕ್ಷ್ಮಾಣುಗಳು. ಆಮೇಲೆ ಎಳೆ ಎಳೆಯಾದವು, ಕೊನೆಗೆ ಸುರುಳಿ ಸುತ್ತಿಕೊಂಡು ಚುರುಕಾಗಿ ಓಡಾಡುವವು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಯಿತು. ಮತ್ತೆ ಬ್ರಷ್ ಹಿಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. 1965ರಲ್ಲಿ ಇದು ಪ್ರಕಟವಾಗುವವರೆಗೆ ವಯಸ್ಸು, ವಿಟಮಿನ್ ಕೊರತೆ, ವಂಶ, ಕಚ್ಚುವ ರೀತಿ ಎಂದು ಏನೇನನ್ನೋ ದೂರುತ್ತಿದ್ದರು. ಐದು ವರ್ಷದ ಮೇಲೆ ಲೋ ಮತ್ತು ಶಿಯೋಟ್, 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿದರೆ ಉಜ್ಜದಿದ್ದರೂ ಪಾಚಿ ಕಟ್ಟುವುದಿಲ್ಲ ಎಂದು ತೋರಿಸಿದರು. ಹಲ್ಲು ಕೀಳಿಸಿದಾಗ, ಕ್ಲೀನಿಂಗ್ ಆದಾಗ ಇಂದಿಗೂ ಚೀಟಿಯಲ್ಲಿ ಬರೆದುಕೊಡುವ ಔಷಧಿ ಇದು. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ.

ಲೆಕ್ಕ ಚುಕ್ತಾ ಆಯಿತು, ಕೊಳೆ ಇದ್ದರೆ ರೋಗ, ತೆಗೆದರೆ ಆರೋಗ್ಯ ಎಂದುಕೊಳ್ಳುವಷ್ಟರಲ್ಲಿ ಅದೇ ಲೋ ಅವರ ಇನ್ನೊಂದು ಅಧ್ಯಯನ ಲೆಕ್ಕ ತಪ್ಪಿಸಿತು. 1970ರಲ್ಲಿ ಅವರ ತಂಡ ಶ್ರೀಲಂಕಾದ ಚಹಾ ತೋಟಗಳಿಗೆ ಹೋಗಿ 480 ಗಂಡಾಳುಗಳ ಬಾಯಿ ಪರೀಕ್ಷಿಸಿತು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋದ ತಮಿಳು ಕೂಲಿಕಾರರ ಸಂತತಿ ಇವರು. ಬ್ರಷ್ಷೂ ಇಲ್ಲ, ದಂತವೈದ್ಯರೂ ಇಲ್ಲ. ಎಲ್ಲರ ಹಲ್ಲಿನಲ್ಲೂ ಕಟ್ಟು, ಹೆಚ್ಚುಕಡಿಮೆ ಎಲ್ಲರ ವಸಡಲ್ಲೂ ಉರಿಯೂತ. 1985ರವರೆಗೆ ಮತ್ತೆ ಮತ್ತೆ ಹೋಗಿ ನೋಡಿದಾಗ 8 ಶೇಕಡಾ ಜನರಿಗೆ ರೋಗ ಕುದುರೆಯಂತೆ ಓಡಿತ್ತು, 81 ಶೇಕಡಾ ಜನರಲ್ಲಿ ನಿಧಾನವಾಗಿ ನಡೆದಿತ್ತು. ಉಳಿದ 11 ಶೇಕಡಾ ಜನರಲ್ಲಿ ವಸಡಿನ ಉರಿಯೂತ ದಾಟಿ ಮುಂದೆ ಹೋಗಿರಲೇ ಇಲ್ಲ. ಅದೇ ತೋಟ, ಅಷ್ಟೇ ಕೊಳೆ, ಗತಿ ಮೂರು ಬಗೆ. ಹದಿನೈದು ವರ್ಷ ಹಲ್ಲು ಉದುರುವುದನ್ನು ಅಳೆಯುತ್ತ ಕೂತದ್ದು ಸರಿಯೇ ಎಂಬ ಪ್ರಶ್ನೆ ಈಗ ಏಳದೆ ಇರದು. ಇವತ್ತು ಯಾವ ನೈತಿಕ ಸಮಿತಿಯೂ ಅಂಥದ್ದಕ್ಕೆ ಒಪ್ಪಲಾರದು. ಆದರೆ ಆ ಕೂಲಿಕಾರರ ಬಾಯಿಂದ ಬಂದ ಅಂಕಿಗಳನ್ನು ಇಂದಿನ ಪಠ್ಯಗಳೆಲ್ಲ ಉಲ್ಲೇಖಿಸುತ್ತವೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕೆಲವರು ಸೂಕ್ಷ್ಮಾಣುವಿನ ಜಾತಿಯಲ್ಲಿ ಹುಡುಕಿದರು. ಬಾಸ್ಟನ್ನಿನ ಸೊಕ್ರಾನ್ಸ್ಕಿ ತಂಡ 185 ಜನರ 13,261 ಪ್ಲಾಕ್ (ಹಲ್ಲಿನ ಪಾಚಿ) ಮಾದರಿಗಳನ್ನು ವಿಂಗಡಿಸಿ, ಆಳವಾದ ವಸಡಿನ ಗುಳಿಗಳಲ್ಲಿ ಒಟ್ಟಾಗಿ ಸಿಗುವ ಮೂರು ಜಾತಿಗಳಿಗೆ 1998ರಲ್ಲಿ 'ಕೆಂಪು ಕೂಟ' ಎಂದು ಹೆಸರಿಟ್ಟಿತು. ಅದರ ನಾಯಕ ಪಾರ್ಫಿರೊಮೊನಾಸ್ ಜಿಂಜಿವಾಲಿಸ್. ವಿಚಿತ್ರವೆಂದರೆ, 2011ರ ಒಂದು ಇಲಿ ಪ್ರಯೋಗದಲ್ಲಿ ಇದು ಬಾಯಿಯ ಒಟ್ಟು ಸೂಕ್ಷ್ಮಾಣುಗಳಲ್ಲಿ 0.01 ಶೇಕಡಾಕ್ಕಿಂತ ಕಡಿಮೆ ಇದ್ದರೂ ಮೂಳೆ ಕರಗಿತು. ಬೇರೆ ಯಾವ ಸೂಕ್ಷ್ಮಾಣುವೂ ಇಲ್ಲದ ಇಲಿಯ ಬಾಯಿಗೆ ಇದೊಂದನ್ನೇ ಸೇರಿಸಿದಾಗ ಮೂಳೆಗೆ ಏನೂ ಆಗಲಿಲ್ಲ. ಇದು ಮೈಯ ಕಾವಲು ಪಡೆಯ ದಿಕ್ಕು ತಪ್ಪಿಸುತ್ತದೆ. ಸಾಧು ಸೂಕ್ಷ್ಮಾಣುಗಳೂ ಮಿತಿಮೀರಿ ಬೆಳೆಯುತ್ತವೆ, ಅವುಗಳ ಮೇಲೆ ಬಿದ್ದ ನಮ್ಮದೇ ರೋಗನಿರೋಧಕ ಕಣಗಳು ಮೂಳೆಯನ್ನೂ ಕರಗಿಸುತ್ತವೆ. ಹೀಗಾಗಿ ಒಂದು ಆ್ಯಂಟಿಬಯೋಟಿಕ್ ಕೋರ್ಸಿನಲ್ಲಿ ಈ ರೋಗ ಮುಗಿಯುವುದಿಲ್ಲ. ತಂಬಾಕೂ ಇಲ್ಲಿ ಪಾಲುದಾರ. ಸೇದುವವರ ವಸಡಿನಿಂದ ರಕ್ತ ಕಡಿಮೆ ಬರುತ್ತದೆ, ಮೂಳೆ ಮಾತ್ರ ಹೋಗುತ್ತಲೇ ಇರುತ್ತದೆ. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಬೆರೆಸುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದು 1992ರಲ್ಲಿ.

ಚಿಕಿತ್ಸೆ ಕೊಡುವ ಕೋಣೆಯಲ್ಲಿನ ಸೋಂಕು ನಿಯಂತ್ರಣದ ಕಥೆ ಬೇರೆ, ಇನ್ನೂ ಈಚಿನದು. 1980ರ ದಶಕದಲ್ಲಿ ಎಚ್‌ಐವಿ ಭಯ ಹುಟ್ಟುವವರೆಗೆ ಬರಿಗೈಯಲ್ಲಿ ಬಾಯಿಗೆ ಕೈ ಹಾಕುವುದು ದಂತವೈದ್ಯರಿಗೆ ಸಾಮಾನ್ಯವಾಗಿತ್ತು, ಹೆಪಟೈಟಿಸ್ ಬಿ ಅವರನ್ನು ಅದಕ್ಕೂ ಮೊದಲೇ ಕಾಡಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1986ರಲ್ಲಿ ದಂತಚಿಕಿತ್ಸೆಗೆಂದೇ ಸೂಚನೆ ಕೊಟ್ಟಿತು. 1990ರಲ್ಲಿ ಫ್ಲಾರಿಡಾದ ಒಬ್ಬ ದಂತವೈದ್ಯರಿಂದ ರೋಗಿಗೆ ಎಚ್‌ಐವಿ ತಗುಲಿರಬಹುದೆಂದು ವರದಿಯಾದ ಮೇಲೆ ಗ್ಲೌಸು, ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸುವ ಆಟೊಕ್ಲೇವು ಕಡ್ಡಾಯದ ಮಾತಾದವು.

ಈ ನಡುವೆ ಹಂಟರ್ ಕಾಲದ ಪ್ರಶ್ನೆ ಇನ್ನೊಂದು ವೇಷದಲ್ಲಿ ವಾಪಸಾಯಿತು. ಹೃದಯಾಘಾತವಾದವರ ಬಾಯಿ ಹೆಚ್ಚು ಹದಗೆಟ್ಟಿತ್ತು ಎಂದು ಫಿನ್ಲೆಂಡಿನ ಮಟ್ಟಿಲಾ ತಂಡ 1989ರಲ್ಲಿ ಬರೆಯಿತು. 1996ರಲ್ಲಿ ಅವಧಿಗೆ ಮುನ್ನ ಹೆರಿಗೆಗೂ ವಸಡಿನ ರೋಗಕ್ಕೂ ಗಂಟು ಹಾಕಿದ ಸಂಶೋಧನೆ ಬಂತು. ಈ ಸಲ ಹೋಲಿಸಿ ನೋಡುವ ಶಿಸ್ತಿತ್ತು. ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ಒಂದಕ್ಕೆ ಬಸಿರಲ್ಲೇ, ಇನ್ನೊಂದಕ್ಕೆ ಬಾಣಂತನದಲ್ಲಿ ವಸಡಿನ ಚಿಕಿತ್ಸೆ ಕೊಟ್ಟರು. 2006ರಲ್ಲಿ ಬಂದ ಫಲಿತಾಂಶ: ವಸಡು ಸುಧಾರಿಸಿತು, ಬೇಗ ಹೆರಿಗೆಯಾಗುವ ಪ್ರಮಾಣ ಮಾತ್ರ ಇಳಿಯಲಿಲ್ಲ. ಹೃದಯದ ವಿಷಯದಲ್ಲಿ, ನಂಟಿದೆ, ಆದರೆ ಇದರಿಂದಲೇ ಅದು ಎನ್ನಲು ಆಧಾರವಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಅಲ್‌ಝೈಮರ್ ರೋಗಿಗಳ ಮಿದುಳಲ್ಲಿ ಜಿಂಜಿವಾಲಿಸ್ ಗುರುತು ಸಿಕ್ಕಿತೆಂದು 2019ರಲ್ಲಿ ಸುದ್ದಿಯೋ ಸುದ್ದಿ. ಅದನ್ನು ಗುರಿಯಾಗಿಸಿ ತಯಾರಿಸಿದ ಔಷಧಿ ಎರಡೇ ವರ್ಷದಲ್ಲಿ ಮುಖ್ಯ ಪರೀಕ್ಷೆಯಲ್ಲೇ ಸೋತಿತು. 'ವಸಡು ಉಳಿಸಿ, ಹಾರ್ಟ್ ಅಟ್ಯಾಕ್ ತಪ್ಪಿಸಿ' ಎಂಬ ವಾಟ್ಸಾಪ್ ಸಂದೇಶಗಳಿಗೆ ಇದಾವುದೂ ತಲುಪಿಲ್ಲ.

ಪರೀಕ್ಷೆಯಲ್ಲಿ ನಿಂತ ನಂಟು ಸಕ್ಕರೆ ಕಾಯಿಲೆಯದು, ಅದೂ ಎರಡೂ ಕಡೆಯಿಂದ. ಸಕ್ಕರೆ ಹತೋಟಿಯಲ್ಲಿಲ್ಲದವರ ವಸಡು ಬೇಗ ಹಾಳಾಗುತ್ತದೆ. ವಸಡಿನ ಚಿಕಿತ್ಸೆಯಾದ ಮೂರ್ನಾಲ್ಕು ತಿಂಗಳಲ್ಲಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿಯುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ವಿಮರ್ಶೆ ಲೆಕ್ಕ ಹಾಕಿದೆ. ಮಾತ್ರೆ, ಇನ್ಸುಲಿನ್ ಬಿಡುವಷ್ಟು ದೊಡ್ಡ ಇಳಿಕೆಯಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ಶುಗರ್ ಇರುವವರು ಉಜ್ಜುವಾಗ ರಕ್ತ ಕಂಡರೆ ಆ ಮಾತನ್ನು ಹಲ್ಲಿನ ಡಾಕ್ಟರಿಗಷ್ಟೇ ಅಲ್ಲ, ಶುಗರ್ ನೋಡುವ ಡಾಕ್ಟರಿಗೂ ಹೇಳಬೇಕು. ಹಾಗೇ, ಕ್ಲೀನಿಂಗಿಗೆ ಹೋದಲ್ಲಿ ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ ಕೇಳಿದರೆ ಅದು ಸುಮ್ಮನೆ ಕೇಳಿದ್ದಲ್ಲ.