ಕೋಡ್‌ಗಿಂತ ಮೊದಲು ಕೈಪಟ್ಟಿ

ನಮ್ಮ ಮೇಕರ್‌ಸ್ಪೇಸ್‌ಗೆ, ಅಂದರೆ ಸಾಧನಗಳನ್ನು ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರಕ್ಕೆ, ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಮಣಿಕಟ್ಟಿಗೆ ಕಟ್ಟುವ ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಮಾಡುವ ಆಸೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮ್ಯಾಕ್ಸ್30102 ಎಂಬ ಸೆನ್ಸರ್ ಮಾಡ್ಯೂಲ್, ಅದನ್ನು ಓದಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದರೆ ಸಂಜೆಯೊಳಗೆ ಪರದೆಯಲ್ಲಿ ಆಮ್ಲಜನಕ ಶೇ. 98 ಅಂತ ಬರುತ್ತದೆ. ಅವರ ಖುಷಿ ನೋಡಲು ನನಗೂ ಇಷ್ಟ. ಆದರೆ ಅದು ಬೆರಳನ್ನು ಅಲುಗಾಡಿಸದೆ ಇಟ್ಟಾಗ ಬಂದ 98. ಅದೇ ಸೆನ್ಸರನ್ನು ಕೈಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ನೋಡಿ.

ಸೆನ್ಸರ್ ಎರಡು ಬೆಳಕು ಬಿಡುತ್ತದೆ, ಕೆಂಪು ಮತ್ತು ಇನ್‌ಫ್ರಾರೆಡ್. ಆಮ್ಲಜನಕ ತುಂಬಿದ ರಕ್ತ ಕೆಂಪನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ ಜಾಸ್ತಿ. ನಾಡಿ ಬಡಿದಾಗಲೆಲ್ಲ ಎರಡರಲ್ಲೂ ಸಣ್ಣ ಏರಿಳಿತ ಆಗುತ್ತದೆ. ಆ ಏರಿಳಿತಗಳನ್ನು ಹೋಲಿಸಿಯೇ ಲೆಕ್ಕ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುಓ ಅಓಯಾಗಿ ಕಂಡುಕೊಂಡ ದಾರಿ ಇದು. ಆಸ್ಪತ್ರೆಯ ಕ್ಲಿಪ್‌ನಲ್ಲಿ ಬೆಳಕು ಬೆರಳನ್ನು ದಾಟಿ ಆಚೆ ಬರುತ್ತದೆ. ಮಣಿಕಟ್ಟಿನಲ್ಲಿ ಹಾಗಾಗದು, ಚರ್ಮದಿಂದ ಹಿಂದಿರುಗಿದ ಬೆಳಕನ್ನೇ ನಂಬಬೇಕು. ಅಲ್ಲಿ ನಾಡಿಯ ಏರಿಳಿತ ತೀರಾ ಸಣ್ಣದು.

ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ನುಗ್ಗುತ್ತದೆ. ಬಿಗಿಯಾದರೆ ಅಲ್ಲಿನ ರಕ್ತದ ಹರಿವೇ ಕಡಿಮೆಯಾಗುತ್ತದೆ. ಕೈ ಅಲುಗಿದರೂ ಲೆಕ್ಕ ಕೆಡುತ್ತದೆ. ಆ ಕುಲುಕಾಟವನ್ನು ಸೋಸಲು ಕೋಡ್‌ನಲ್ಲೇ ಫಿಲ್ಟರ್ ಹಾಕಿದರೆ ಆಯ್ತಲ್ವಾ ಸರ್ ಅಂತ ಹುಡುಗರು ಕೇಳುತ್ತಾರೆ. ಸುಲಭವಿಲ್ಲ. ನಡೆಯುವಾಗ ಕೈ ಬೀಸುವ ವೇಗವೂ ನಾಡಿಯ ವೇಗವೂ ಹೆಚ್ಚುಕಡಿಮೆ ಒಂದೇ. ಕೈಯ ಕುಲುಕಾಟ ತೆಗೆಯಲು ಹೋದರೆ ನಾಡಿಯೂ ಹೊರಟುಹೋಗುತ್ತದೆ. ಅದಕ್ಕೇ ನಾನು ಲ್ಯಾಪ್‌ಟಾಪ್ ಮುಚ್ಚಿಸಿ ಮೊದಲು ಎಲಾಸ್ಟಿಕ್, ವೆಲ್ಕ್ರೋ, ಕಪ್ಪು ಫೋಮ್ ಹಿಡಿದು ಕೂರಿಸುತ್ತೇನೆ. ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಪೆಟ್ಟಿಗೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಅದರ ಪದರಗಳ ಸಂದಿಯಲ್ಲಿ ಬೆವರು, ಕೊಳೆ ಕೂರುತ್ತದೆ. ಬಿಚ್ಚಿ ಒಗೆಯಬಹುದಾದ ಬಟ್ಟೆ ಮಧ್ಯೆ ಇರಲಿ.

ಒಂದೇ ಬಣ್ಣದ ಕೈಗಳ ಮೇಲೆ ನೋಡಿ ನಿಲ್ಲಿಸಬೇಡಿ. 2020ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ವರ್ಣೀಯ ರೋಗಿಗಳ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು 3 ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿದ್ದವು. ನಮ್ಮಲ್ಲಿ ಒಂದೇ ಮನೆಯೊಳಗೆ ಎಷ್ಟು ಬಣ್ಣದ ಕೈಗಳಿರುತ್ತವೆ! ಆದರೆ ರೋಗಿಗಳ ಮೇಲೆ ಪರೀಕ್ಷೆ ಅಂದರೆ ಸಂಶೋಧನೆಯ ಸರಿತಪ್ಪು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಗುರುತಿನ ಡಾಕ್ಟರ್ ಹೂಂ ಅಂದರೆ ಸಾಲದು.

ಚಾರ್ಜರ್‌ಗೆ ಸಿಕ್ಕಿಸಿರುವಾಗ ಯಾವ ಸಾಧನವನ್ನೂ ಮೈಗೆ ಕಟ್ಟಬೇಡಿ. ಎದೆಗೆ ಇಸಿಜಿ ಎಲೆಕ್ಟ್ರೋಡ್ ಅಂಟಿಸಿದಾಗ ಲ್ಯಾಪ್‌ಟಾಪ್ ಕೂಡ ಬ್ಯಾಟರಿಯಲ್ಲೇ ಓಡಲಿ. ಈ ಎರಡರಲ್ಲಿ ನನ್ನ ಬಳಿ ರಿಯಾಯಿತಿ ಇಲ್ಲ.

ಕೋಡ್ ಬರೆಯಲು ಕೂತಾಗ ಮೊದಲ ಸಾಲುಗಳು ಇದಕ್ಕಿರಲಿ: ಸಿಗ್ನಲ್ ಕೆಟ್ಟಿದ್ದರೆ ಸಂಖ್ಯೆ ತೋರಿಸಬಾರದು, ಖಾಲಿ ಗೆರೆ ಬರಬೇಕು. ಹಳೆಯ 98 ಪರದೆಯಲ್ಲಿ ಹಾಗೇ ಉಳಿದರೆ, ಉಸಿರು ಕಟ್ಟುತ್ತಿರುವ ಅಜ್ಜಿಯನ್ನು ಮನೆಯವರು ಬೆಳಗಾಗಲಿ ಅಂತ ಮಲಗಿಸಿಬಿಡುತ್ತಾರೆ.