ಮದ್ದು ನುಂಗದವರಿಗೂ ಮದ್ದಿಗೆ ಬಗ್ಗದ ಟೈಫಾಯ್ಡ್ ಬರುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಅವಳಿಗೆ ಆಂಟಿಬಯಾಟಿಕ್ ಕೊಟ್ಟದ್ದು ತೀರಾ ಕಡಿಮೆ. ಕಳೆದ ಮಳೆಗಾಲದಲ್ಲಿ ಟೈಫಾಯ್ಡ್ ಬಂದಾಗ ರಕ್ತದ ಕಲ್ಚರ್ ರಿಪೋರ್ಟಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎದುರು ‘ಆರ್’ ಎಂದು ಬರೆದಿತ್ತು. ಅವಳ ಮೈ ಆ ಮದ್ದಿಗೆ ಒಗ್ಗಿಹೋಗುವುದಾದರೂ ಹೇಗೆ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ರಿಪೋರ್ಟಿನ ಆ ‘ಆರ್’ ನಿಮ್ಮ ಮಗಳ ಕುರಿತ ಮಾತೇ ಅಲ್ಲ. ಅವಳ ರಕ್ತದಲ್ಲಿ ಸಿಕ್ಕಿದ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮದ್ದಿಗೆ ಒಡ್ಡಿದಾಗ ಅದರ ಬೆಳವಣಿಗೆ ನಿಲ್ಲಲಿಲ್ಲ ಎಂದಷ್ಟೇ ಅದರ ಅರ್ಥ. ಬೇರೊಬ್ಬ ರೋಗಿಯ, ಇಲ್ಲವೇ ರೋಗದ ಲಕ್ಷಣವೇ ಇಲ್ಲದ ವಾಹಕನೊಬ್ಬನ ಮಲದಿಂದ ನೀರಿಗೋ ಆಹಾರಕ್ಕೋ ಸೇರಿ ಅವಳ ಹೊಟ್ಟೆ ಹೊಕ್ಕ ಆ ಬ್ಯಾಕ್ಟೀರಿಯಾ, ಮದ್ದನ್ನು ಎದುರಿಸುವ ಗುಣವನ್ನು ತನ್ನ ವಂಶವಾಹಿಗಳಲ್ಲಿ ಹೊತ್ತುಕೊಂಡೇ ಬಂದಿರುತ್ತದೆ.

ಟೈಫಿಯ ಡಿಎನ್‌ಎಯಲ್ಲಿ ಸುಮಾರು 48 ಲಕ್ಷ ಅಕ್ಷರಗಳಿವೆ. ಈ ಡಿಎನ್‌ಎಯ ಸುರುಳಿಯನ್ನು ಹದದಲ್ಲಿಡುವ ಗೈರೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು ಸಿಪ್ರೊಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಗೈರ್-ಎ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಕಿಣ್ವದ 83ನೆಯ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೋಗಿ ಫೆನೈಲಲನೀನ್ ಎಂಬ ಇನ್ನೊಂದು ಬರುತ್ತದೆ, ಮದ್ದಿನ ಹಿಡಿತ ಸಡಿಲವಾಗುತ್ತದೆ. ಇಂತಹ ಇನ್ನೊಂದೆರಡು ಬದಲಾವಣೆಗಳು ಕೂಡಿಕೊಂಡರೆ ಮದ್ದು ಪೂರ್ತಿ ನಿಷ್ಫಲ. ಈ ಬದಲಾವಣೆಗಳನ್ನು ಬ್ಯಾಕ್ಟೀರಿಯಾ ಬೇಕೆಂದು ಮಾಡಿಕೊಳ್ಳುವುದಿಲ್ಲ. ಡಿಎನ್‌ಎ ನಕಲಾಗುವಾಗ ಆಗುವ ಆಕಸ್ಮಿಕ ತಪ್ಪುಗಳವು. ಮದ್ದು ಸೋಕುವುದಕ್ಕೆ ಮೊದಲೇ ಅದಕ್ಕೆ ಬಗ್ಗದ ಕೆಲವು ಕೋಶಗಳು ಗುಂಪಿನಲ್ಲಿರುತ್ತವೆ ಎಂಬುದನ್ನು ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿಯೇ ತೋರಿಸಿಕೊಟ್ಟಿದ್ದರು. ಮದ್ದು ಉಳಿದವುಗಳನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ.

ಇದಕ್ಕಿಂತಲೂ ನನಗೆ ಹೆಚ್ಚು ಆತಂಕದ್ದೆಂದು ತೋರುವುದು ಇನ್ನೊಂದು ದಾರಿ. ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಅದೂ ಬೇರೆ ಜಾತಿಯದಕ್ಕೆ ಕೂಡ ದಾಟುತ್ತವೆ. ಕಾಳುಮೆಣಸಿನ ಬಳ್ಳಿಯ ತುಂಡೊಂದನ್ನು ನೆರೆಯವರಿಗೆ ಕೊಟ್ಟರೂ ತಾಯಿಬಳ್ಳಿ ನಮ್ಮ ತೋಟದಲ್ಲಿಯೇ ಉಳಿಯುವಂತೆ, ಕೊಟ್ಟ ಬ್ಯಾಕ್ಟೀರಿಯಾದಲ್ಲಿ ಒಂದು ಪ್ರತಿ ಉಳಿದೇ ಇರುತ್ತದೆ. ಒಂದೇ ಪ್ಲಾಸ್ಮಿಡ್ಡಿನಲ್ಲಿ ಮೂರು ನಾಲ್ಕು ಮದ್ದುಗಳನ್ನು ಎದುರಿಸುವ ವಂಶವಾಹಿಗಳು ಒಟ್ಟಿಗೆ ಇರಬಲ್ಲವು. ಆಮಶಂಕೆ ತರುವ ಶಿಗೆಲ್ಲಾ ಈ ಗುಣವನ್ನು ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಪಡೆಯಬಲ್ಲದು ಎಂಬುದನ್ನು ಜಪಾನಿನ ವಿಜ್ಞಾನಿಗಳು 1959ರಲ್ಲಿ ಕಂಡುಕೊಂಡರು. ಟೈಫಾಯ್ಡಿನ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ: 1972ರಲ್ಲಿ ನಮ್ಮ ಕಲ್ಲಿಕೋಟೆಯಲ್ಲಿಯೇ ಅಂದಿನ ಮುಖ್ಯ ಮದ್ದಾದ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಿ ಕಾಣಿಸಿಕೊಂಡಿತು, ಆ ಗುಣ ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟುವಂತಹದೆಂದೂ ಗೊತ್ತಾಯಿತು. ಅದೇ ವರ್ಷ ಮೆಕ್ಸಿಕೋದಲ್ಲಿ ಇಂತಹದೇ ರೋಗ ಸಾವಿರಾರು ಜನರಿಗೆ ಹರಡಿತು.

ಈ ಕಥೆಗೊಂದು ತಿರುವಿದೆ. ಕ್ಲೋರಾಂಫೆನಿಕಾಲ್ ಬಳಕೆ ಕಡಿಮೆಯಾದ ಮೇಲೆ ಅದನ್ನು ಎದುರಿಸುವ ಪ್ಲಾಸ್ಮಿಡ್ ಭಾರತದ ಟೈಫಿಯಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಹೊತ್ತುಕೊಂಡು ತಿರುಗುವುದಕ್ಕೆ ಶಕ್ತಿ ವ್ಯಯವಾಗುವ ಹೊರೆಯನ್ನು ಲಾಭವಿಲ್ಲದಾಗ ಬ್ಯಾಕ್ಟೀರಿಯಾ ಕಳೆದುಕೊಳ್ಳುವುದುಂಟು. ಗೈರ್-ಎ ಬದಲಾವಣೆಯಿಂದ ಅದಕ್ಕೆ ಅಂತಹ ನಷ್ಟವೇನೂ ಇಲ್ಲದಿರುವುದರಿಂದ ಸಿಪ್ರೊಫ್ಲಾಕ್ಸಾಸಿನ್ ವಿರುದ್ಧದ ನಿರೋಧ ಗಟ್ಟಿಯಾಗಿ ನಿಂತಿದೆ. ಭಾರತದಲ್ಲಿ ಇಂದು ನಿಮ್ಮ ಮಗಳದಂತಹ ರಿಪೋರ್ಟೇ ಸಾಮಾನ್ಯ. ಇನ್ನು 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹರಡಿದ ಟೈಫಿಗೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದೂ ನಾಟದು. ಆ ಮದ್ದನ್ನು ಒಡೆಯುವ ಕಿಣ್ವದ ವಂಶವಾಹಿಯು ಇ. ಕೋಲಿಯಲ್ಲಿ ಕಂಡುಬರುವ ಪ್ಲಾಸ್ಮಿಡ್ಡಿಗೆ ತೀರಾ ಹತ್ತಿರದ ಪ್ಲಾಸ್ಮಿಡ್ಡಿನ ಮೇಲೆ ಇತ್ತು.

ಇ. ಕೋಲಿಯ ಬಹುತೇಕ ತಳಿಗಳು ಎಲ್ಲರ ಕರುಳಿನಲ್ಲಿಯೂ ಉಪದ್ರವವಿಲ್ಲದೆ ಬಾಳುವಂತಹವು. ವೈರಸ್ಸಿನಿಂದ ಬಂದ ನೆಗಡಿಗೋ ಜ್ವರಕ್ಕೋ ಯಾರಾದರೂ ಮೆಡಿಕಲ್ಲಿನಿಂದ ಆಂಟಿಬಯಾಟಿಕ್ ತಂದು ನುಂಗಿದಾಗ, ಸಾಯಬೇಕಾದ ರೋಗಾಣು ಅಲ್ಲಿಲ್ಲದಿದ್ದರೂ ಕರುಳಿನ ಈ ಬ್ಯಾಕ್ಟೀರಿಯಾಗಳ ನಡುವೆ ಆಯ್ಕೆ ನಡೆದುಹೋಗುತ್ತದೆ, ಮದ್ದಿಗೆ ಬಗ್ಗದವು ಹೆಚ್ಚುತ್ತವೆ. ಅವುಗಳ ಪ್ಲಾಸ್ಮಿಡ್ ಮುಂದೆ ರೋಗಕಾರಕವೊಂದಕ್ಕೆ ದಾಟಿದರೆ, ಆ ರೋಗ ತಗಲುವುದು ಮಾತ್ರೆ ನುಂಗಿದವರಿಗೇ ಎಂದೇನಿಲ್ಲ.

ಮನೆಯಲ್ಲಿ ಮತ್ತೆ ಯಾರಿಗಾದರೂ ಇಂತಹ ಜ್ವರ ಬಂದರೆ, ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಕಲ್ಚರಿಗೆ ರಕ್ತ ತೆಗೆಸಬಹುದೇ ಎಂದು ಡಾಕ್ಟರರಲ್ಲಿ ಕೇಳಿ. ಟೈಫಾಯ್ಡಿಗೆಂದು ಮಾಡಿಸುವ ವಿಡಾಲ್ ಎಂಬ ರಕ್ತಪರೀಕ್ಷೆಯಿಂದ ಯಾವ ಮದ್ದು ನಾಟುತ್ತದೆ ಎಂಬುದು ತಿಳಿಯುವುದಿಲ್ಲ. ಟೈಫಾಯ್ಡ್ ಕಾಂಜುಗೇಟ್ ಲಸಿಕೆಯ ಬಗ್ಗೆಯೂ ವಿಚಾರಿಸಿ. ಅದರಿಂದ ಹುಟ್ಟುವ ಪ್ರತಿಕಾಯಗಳು ಗುರುತಿಸುವುದು ಟೈಫಿಯ ಹೊರಗವಚವನ್ನಾದ್ದರಿಂದ, ಒಳಗಿನ ಗೈರೇಸ್ ಬದಲಾಗಿದ್ದರೂ ಪ್ಲಾಸ್ಮಿಡ್ ಸೇರಿಕೊಂಡಿದ್ದರೂ ಲಸಿಕೆ ಕೆಲಸ ಮಾಡುತ್ತದೆ.